ನಮ್ಮ ಸಂಸದರ ಲೆಕ್ಕ ಎಲ್ಲಿ ಸರಿಯಾಗಿ ಸಿಗುತ್ತದೆ?

2024ರ ಡಿಸೆಂಬರ್ 18ರ ಬೆಳಿಗ್ಗೆ ದ್ವಿತೀಯ ಪಿಯುಸಿಯ ರಾಜ್ಯಶಾಸ್ತ್ರ ತರಗತಿಯಲ್ಲಿ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ನಿನ್ನೆ ಒಂದು ದೇಶ ಒಂದು ಚುನಾವಣೆ ಮಸೂದೆ ಮಂಡಿಸುವಾಗ ನಮ್ಮ ಸಂಸದರು ಯಾವ ಕಡೆ ಮತ ಹಾಕಿದರು?" ನಾನು ಅವರ ಪಕ್ಷದ ನಿಲುವು ಹೇಳಿ, ಅದೇ ಕಡೆ ಎಂದೆ. "ಅದು ಪಕ್ಷದ ಮತ ಮೇಡಂ. ಅವರು ಸದನದಲ್ಲಿ ಇದ್ದರಾ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಆಡಳಿತ ಪಕ್ಷದ ಸುಮಾರು 20 ಸದಸ್ಯರು ಅಂದು ಗೈರಾಗಿದ್ದರು ಎಂಬ ಸುದ್ದಿ ಆ ದಿನವೇ ಬಂದಿತ್ತು. ಪಕ್ಷದ ಹೆಸರು ನೋಡಿ ಮತ ಹೇಳುವುದು ಊಹೆಯೇ ಹೊರತು ಉತ್ತರವಲ್ಲ ಎಂಬುದು ಹದಿನೇಳರ ಆ ಹುಡುಗಿಗೆ ನನಗಿಂತ ಮೊದಲು ಹೊಳೆದಿತ್ತು.

ಅಂದಿನಿಂದ ಒಂದು ದೊಡ್ಡ ನೋಟ್‌ಬುಕ್ ಇಟ್ಟು, ನಮ್ಮ ಕ್ಷೇತ್ರದ ಒಬ್ಬರೇ ಸಂಸದರನ್ನು ನಾಲ್ಕು ದಾರಿಗಳಿಂದ ಹಿಂಬಾಲಿಸಿದೆ: ಪಿಆರ್‌ಎಸ್ ಸಂಸ್ಥೆಯ ಎಂಪಿ ಟ್ರ್ಯಾಕ್, ಸಂಸತ್ತಿನದೇ ಜಾಲತಾಣ, ಸಂಸದ್ ಟಿವಿ, ಕೊನೆಗೆ ಪತ್ರಿಕೆ ಮತ್ತು ಸಂಸದರ ಕಚೇರಿ. ಪ್ರತಿ ದಾರಿಗೂ ಕೇಳಿದ ಪ್ರಶ್ನೆಗಳು ಒಂದೇ. ಬಂದಿದ್ದರೇ? ಏನು ಕೇಳಿದರು? ಏನು ಮಾತನಾಡಿದರು? ಯಾವ ಕಡೆ ಮತ ಹಾಕಿದರು?

ಮೊದಲು ಎಂಪಿ ಟ್ರ್ಯಾಕ್. 2005ರಲ್ಲಿ ದೆಹಲಿಯಲ್ಲಿ ಆರಂಭವಾದ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್, ಎರಡೂ ಸದನಗಳ ಜಾಲತಾಣಗಳ ಮಾಹಿತಿಯನ್ನು ಹೆಕ್ಕಿ ಪ್ರತಿಯೊಬ್ಬ ಸದಸ್ಯರಿಗೂ ಒಂದು ಪುಟ ಮಾಡಿದೆ. ಹಾಜರಾತಿ, ಭಾಗವಹಿಸಿದ ಚರ್ಚೆಗಳು, ಪ್ರಶ್ನೆಗಳು, ಖಾಸಗಿ ಸದಸ್ಯರ (ಅಂದರೆ ಮಂತ್ರಿಯಲ್ಲದವರ) ಮಸೂದೆಗಳು. ಪಕ್ಕದಲ್ಲೇ ರಾಷ್ಟ್ರೀಯ ಸರಾಸರಿ ಮತ್ತು ರಾಜ್ಯದ ಸರಾಸರಿ. ವೇಗದಲ್ಲಿ ಇದಕ್ಕೆ ಸಾಟಿಯಿಲ್ಲ: ಹೆಸರು ಹುಡುಕಿದ ಎರಡು ನಿಮಿಷದಲ್ಲಿ ನೋಟ್‌ಬುಕ್‌ನ ಅರ್ಧ ಪುಟ ತುಂಬಿತು. ಸರಾಸರಿ ಪಕ್ಕದಲ್ಲಿರುವುದು ಬಹಳ ದೊಡ್ಡ ಉಪಕಾರ. ಒಬ್ಬರು ಐದು ವರ್ಷದಲ್ಲಿ 150 ಪ್ರಶ್ನೆ ಕೇಳಿದರು ಎಂದರೆ ಹೆಚ್ಚೋ ಕಡಿಮೆಯೋ ಯಾರಿಗೆ ಗೊತ್ತು? 17ನೇ ಲೋಕಸಭೆಯಲ್ಲಿ ರಾಷ್ಟ್ರೀಯ ಸರಾಸರಿ 210 ಪ್ರಶ್ನೆ, ಹಾಜರಾತಿ ಶೇ 79 ಎಂದು ತಿಳಿದಾಗ ಆ 150ಕ್ಕೆ ಅರ್ಥ ಬರುತ್ತದೆ.

ಆದರೆ ಮೂರು ಕಡೆ ಎಚ್ಚರ ಬೇಕು. ನಾನು ನೋಡಿದ ಅಂಕಿಗಳಲ್ಲಿ ಹಾಜರಾತಿ ಎಂದರೆ ಹಾಜರಿ ಪುಸ್ತಕದ ಸಹಿಯಾಗಿತ್ತು. ಸಹಿ ಮಾಡದಿದ್ದರೆ ಅಂದಿನ ದಿನಭತ್ಯೆ ಇರಲಿಲ್ಲ, 2023ರ ಏಪ್ರಿಲ್‌ನಿಂದ ಅದು 2,500 ರೂಪಾಯಿ. ಸಹಿ ಮಾಡಿದವರು ಸಂಜೆಯವರೆಗೆ ಕುಳಿತಿದ್ದರು ಎಂದು ಆ ಅಂಕಿ ಹೇಳುವುದಿಲ್ಲ. ಎರಡನೆಯದು, ಮಂತ್ರಿಗಳು ಆ ಪುಸ್ತಕದಲ್ಲಿ ಸಹಿ ಮಾಡಬೇಕಿಲ್ಲ, ಅವರು ಪ್ರಶ್ನೆ ಕೇಳುವವರಲ್ಲ, ಉತ್ತರ ಕೊಡುವವರು. 2024ರ ಚುನಾವಣೆಯ ನಂತರ ಕರ್ನಾಟಕದ 28 ಲೋಕಸಭಾ ಸದಸ್ಯರಲ್ಲಿ ಧಾರವಾಡ, ಮಂಡ್ಯ, ತುಮಕೂರು, ಬೆಂಗಳೂರು ಉತ್ತರ ಕ್ಷೇತ್ರಗಳ ನಾಲ್ವರು ಕೇಂದ್ರದಲ್ಲಿ ಮಂತ್ರಿಗಳಾದರು. ಆ ಕ್ಷೇತ್ರಗಳ ಮತದಾರರು ಈ ಪುಟ ತೆರೆದು ಖಾಲಿ ಜಾಗ ಕಂಡು "ನಮ್ಮವರು ಸದನಕ್ಕೇ ಹೋಗಿಲ್ಲ" ಎಂದುಕೊಂಡರೆ ತಪ್ಪಾಗುತ್ತದೆ. ನನ್ನ ಸಹೋದ್ಯೋಗಿಯೊಬ್ಬರು ಹಾಗೆಯೇ ಅಂದುಕೊಂಡಿದ್ದರು.

ಮೂರನೆಯದೇ ಮುಖ್ಯ. ಎಂಪಿ ಟ್ರ್ಯಾಕ್‌ನಲ್ಲಿ ಮತದ ಅಂಕಣವೇ ಇಲ್ಲ. ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಇದು ಆ ಸಂಸ್ಥೆಯ ಕೊರತೆಯಲ್ಲ ಎಂಬುದು ನನಗೆ ತಿಳಿಯಲು ಸಮಯ ಹಿಡಿಯಿತು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಸಂಸತ್ತಿನ ಜಾಲತಾಣ, ಅಂದರೆ ಸನ್ಸದ್ ಡಾಟ್ ಇನ್, ಬಳಸಲು ತಾಳ್ಮೆ ಬೇಕು. ಸದಸ್ಯರ ಪಟ್ಟಿ ಹೆಸರಿನ ಕೊನೆಯ ಭಾಗದಿಂದ ಆರಂಭವಾಗುತ್ತದೆ, ಇನಿಷಿಯಲ್ ಇಟ್ಟುಕೊಳ್ಳುವ ನಮ್ಮವರನ್ನು ಅಲ್ಲಿ ಹುಡುಕುವುದಕ್ಕೇ ಮೊದಲ ದಿನ ಕಾಲು ಗಂಟೆ ಹೋಯಿತು. ಆದರೆ ಎಂಪಿ ಟ್ರ್ಯಾಕ್ ಎಣಿಕೆ ಕೊಟ್ಟರೆ ಇಲ್ಲಿ ಸಿಗುವುದು ಮೂಲ ಕಾಗದ. ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಪಟ್ಟಣದ ರೈಲ್ವೆ ಮೇಲ್ಸೇತುವೆಯ ಬಗ್ಗೆ ಸಂಸದರು "ಸಂಸತ್ತಿನಲ್ಲಿ ದನಿ ಎತ್ತಿದರು" ಎಂದು ಫ್ಲೆಕ್ಸ್ ಕಟ್ಟಿದ್ದರು. ಎಂಪಿ ಟ್ರ್ಯಾಕ್‌ನಲ್ಲಿ ಅದು ಪ್ರಶ್ನೆಗಳ ಪಟ್ಟಿಯ ಒಂದು ಸಾಲು ಮಾತ್ರ. ಸಂಸತ್ತಿನ ಜಾಲತಾಣದ ಪಿಡಿಎಫ್ ತೆರೆದರೆ ಅದು ಚುಕ್ಕೆ ಗುರುತಿಲ್ಲದ ಪ್ರಶ್ನೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು ಮೌಖಿಕ ಉತ್ತರಕ್ಕೆ ಬರುತ್ತವೆ, ಅವುಗಳಿಗೆ ಎದ್ದು ನಿಂತು ಉಪಪ್ರಶ್ನೆ ಕೇಳಬಹುದು. ಚುಕ್ಕೆಯಿಲ್ಲದವು 230ರವರೆಗೆ, ಅವುಗಳಿಗೆ ಲಿಖಿತ ಉತ್ತರವಷ್ಟೇ. ಅಂದರೆ ಯಾರೂ ದನಿ ಎತ್ತಿರಲಿಲ್ಲ, ಕಾಗದ ಹೋಗಿತ್ತು, ಕಾಗದ ಬಂದಿತ್ತು. ಪ್ರಶ್ನೆಯ ತಲೆಯಲ್ಲಿ ನಮ್ಮ ಸಂಸದರ ಜೊತೆ ಇನ್ನೂ ಮೂವರ ಹೆಸರುಗಳಿದ್ದವು.

ಆ ಪ್ರಶ್ನೆ ಕೇಳಿದ್ದು ಒಳ್ಳೆಯದೇ. ಲಿಖಿತ ಉತ್ತರಕ್ಕೆ ಬೆಲೆಯಿದೆ. "ಮಾಹಿತಿ ಸಂಗ್ರಹಿಸಿ ಸದನದ ಮುಂದಿಡಲಾಗುವುದು" ಎಂದು ಮಂತ್ರಿ ಬರೆದರೆ ಅದು ಭರವಸೆ ಎಂದು ದಾಖಲಾಗುತ್ತದೆ, ಮೂರು ತಿಂಗಳಲ್ಲಿ ಈಡೇರಿಸಬೇಕು, ಅದನ್ನು ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿಯೇ ಇದೆ. ಆದರೆ 210 ಎಂಬ ಸಂಖ್ಯೆಯೊಳಗೆ ಯಾವುದು ಕ್ಷೇತ್ರದ ನೋವಿನಿಂದ ಹುಟ್ಟಿದ ಪ್ರಶ್ನೆ, ಯಾವುದು ಹೆಸರು ಸೇರಿಸಿದ್ದಷ್ಟೇ ಎಂಬುದು ಕಾಗದ ಓದದೆ ತಿಳಿಯುವುದಿಲ್ಲ. ದುಡ್ಡು ಪಡೆದು ಪ್ರಶ್ನೆ ಕೇಳಿದ ಪ್ರಕರಣದಲ್ಲಿ 2005ರ ಡಿಸೆಂಬರ್‌ನಲ್ಲಿ 11 ಸದಸ್ಯರನ್ನು ಸಂಸತ್ತು ಹೊರಹಾಕಿದ್ದು ನೆನಪಿದ್ದವರಿಗೆ, ಬರೀ ಎಣಿಕೆಯನ್ನು ನಂಬಬಾರದು ಎಂದು ಬೇರೆ ಹೇಳಬೇಕಿಲ್ಲ.

ಇನ್ನು ಮತ. ಇದಕ್ಕೇ ನಾನು ಅತಿ ಹೆಚ್ಚು ಸಂಜೆಗಳನ್ನು ಕಳೆದೆ.

ಮತ ವಿಭಜನೆ, ಅಂದರೆ ಹೆಸರು ಸಹಿತ ಮತ ಎಣಿಕೆ, ನಡೆದ ದಿನ ಯಾರು ಯಾವ ಕಡೆ ಎಂಬ ಪಟ್ಟಿ ಅಂದಿನ ಚರ್ಚೆಯ ಪೂರ್ಣಪಾಠದೊಳಗೆ ಇರುತ್ತದೆ. ಬೇರೆ ಪುಟದಲ್ಲಿ ಅಲ್ಲ, ಸದಸ್ಯರ ಹೆಸರಿನಡಿಯಲ್ಲೂ ಅಲ್ಲ. ನೂರಾರು ಪುಟಗಳ ಪಿಡಿಎಫ್‌ನಲ್ಲಿ ಭಾಷಣಗಳನ್ನೆಲ್ಲ ದಾಟಿ ಹೋದರೆ ಮೊದಲು ಪರ, ನಂತರ ವಿರುದ್ಧ ಎಂದು ಹೆಸರುಗಳು ಅಕಾರಾದಿಯಾಗಿ ನಿಂತಿರುತ್ತವೆ. ಕೆಲವು ಹೆಸರುಗಳ ಪಕ್ಕ ನಕ್ಷತ್ರದ ಗುರುತು, ಅಡಿಯಲ್ಲಿ ಪುಟ್ಟ ಟಿಪ್ಪಣಿ: ಚೀಟಿಯ ಮೂಲಕ ಮತ ಹಾಕಿದವರು, ಚೀಟಿಯ ಮೂಲಕ ತಿದ್ದಿಕೊಂಡವರು.

ಈ ನಕ್ಷತ್ರವನ್ನು ಅರ್ಥ ಮಾಡಿಕೊಳ್ಳದೆ ಸಂಸದ್ ಟಿವಿ ನೋಡಿದರೆ ದಾರಿ ತಪ್ಪುತ್ತೇವೆ. ನಾನೂ ತಪ್ಪಿದೆ. 2024ರ ಡಿಸೆಂಬರ್ 17ರ ವಿಡಿಯೊ ಮತ್ತೆ ಹಾಕಿ ನೋಡಿದೆ. ಹೊಸ ಸಂಸತ್ ಭವನದ ಲೋಕಸಭೆಯಲ್ಲಿ ವಿದ್ಯುನ್ಮಾನ ಮತದಾನ ನಡೆದದ್ದು ಅಂದೇ ಮೊದಲು. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿ ಮಸೂದೆ 454–2ರಿಂದ ಲೋಕಸಭೆಯನ್ನು ದಾಟಿದಾಗ ಚೀಟಿಗಳಲ್ಲೇ ಮತ ಪಡೆದಿದ್ದರು. ಈ ಬಾರಿ ಗಂಟೆ ಬಾರಿಸಿತು, ನಿಯಮದಂತೆ ಮೂರೂವರೆ ನಿಮಿಷ, ಬಾಗಿಲು ಮುಚ್ಚಿದರು, ಗುಂಡಿ ಒತ್ತಿದರು. ಪರದೆಯ ಮೇಲೆ ಬಂದ ಅಂಕಿ: ಒಟ್ಟು 369, ಪರ 220, ವಿರುದ್ಧ 149. ನಾನು ಅದನ್ನೇ ಬರೆದುಕೊಂಡೆ. ಆದರೆ ಗುಂಡಿ ಸರಿಯಾಗಿ ಒತ್ತಲಾಗದವರು, ತಿದ್ದಬೇಕೆಂದವರು ಚೀಟಿ ಕೇಳಿದರು. ಎಣಿಕೆ ಮುಗಿದಾಗ ಪರ 269, ವಿರುದ್ಧ 198. ಪರದೆಗೂ ಅಂತಿಮ ಫಲಿತಾಂಶಕ್ಕೂ ನಡುವೆ ಸುಮಾರು ನೂರು ಮತಗಳ ಅಂತರ! ಪರದೆಯ ಫೋಟೊ ಮಾತ್ರ ನೋಡಿದವರು ನೂರು ಮಂದಿಯನ್ನು ಗೈರುಹಾಜರಿ ಎಂದು ಬಗೆದಿರುತ್ತಾರೆ. ಹಾಗಾಗಿ ನನ್ನ ತೀರ್ಮಾನ ಗಟ್ಟಿ: ಮತದ ವಿಷಯಕ್ಕೆ ಟಿವಿಯನ್ನು ನಂಬಬೇಡಿ, ಮುದ್ರಿತ ಪಟ್ಟಿಯನ್ನೇ ನೋಡಿ.

ಟಿವಿಯ ಬಲ ಬೇರೆ ಕಡೆ ಇದೆ. ಪೂರ್ಣಪಾಠದಲ್ಲಿ ಎರಡು ಪುಟವಾಗಿ ಕಾಣುವ ಭಾಷಣ, ಕಾಗದ ನೋಡಿ ತಲೆ ಎತ್ತದೆ ಓದಿದ್ದೋ, ಎದುರಿನವರ ಮಾತಿಗೆ ಉತ್ತರವಾಗಿ ಬಂದದ್ದೋ ಎಂಬುದು ವಿಡಿಯೊದಲ್ಲಿ ಮಾತ್ರ ಕಾಣುತ್ತದೆ. ಕನ್ನಡದಲ್ಲಿ ಮಾತನಾಡಿದರೆ ಆ ಕನ್ನಡವನ್ನು ಕೇಳಬಹುದು. ನನ್ನ ವಿದ್ಯಾರ್ಥಿಗಳು ತುಂಬಾ ಹೊತ್ತು ಕುಳಿತು ನೋಡಿದ್ದು ಇದನ್ನೇ.

ದಿನಾಂಕದ ಇನ್ನೊಂದು ತೊಡಕು. ವಕ್ಫ್ ತಿದ್ದುಪಡಿ ಮಸೂದೆಗೆ ಲೋಕಸಭೆ 288–232ರಿಂದ ಒಪ್ಪಿಗೆ ಕೊಟ್ಟದ್ದು 2025ರ ಏಪ್ರಿಲ್ 3ರಂದು, ಮಧ್ಯರಾತ್ರಿ ದಾಟಿದ ಮೇಲೆ. ನಾನು ಮೂರನೆಯ ತಾರೀಖಿನ ಕಡತವನ್ನು ಹಿಂದೆ ಮುಂದೆ ತಿರುವಿ ಹಾಕಿದೆ, ಪಟ್ಟಿ ಸಿಗಲಿಲ್ಲ. ಸದನದ ಲೆಕ್ಕದಲ್ಲಿ ಅದು ಏಪ್ರಿಲ್ 2ರ ಬೈಠಕ್ಕು.

ಮತದ ಅಂಕಣ ಎಲ್ಲೂ ಏಕಿಲ್ಲ ಎಂಬ ಮಾತಿಗೆ ಈಗ ಬರುತ್ತೇನೆ. ನಮ್ಮ ಸಂಸತ್ತಿನ ಬಹುಪಾಲು ಮಸೂದೆಗಳು ಧ್ವನಿಮತದಲ್ಲಿ ಮುಗಿಯುತ್ತವೆ. "ಹೌದು" ಎನ್ನುವವರ ಕೂಗು, "ಇಲ್ಲ" ಎನ್ನುವವರ ಕೂಗು, ಪೀಠದಲ್ಲಿ ಕುಳಿತು ಸಭೆ ನಡೆಸುವವರ ತೀರ್ಪು. ಯಾರಾದರೂ ಪ್ರಶ್ನಿಸಿ ಮತ ವಿಭಜನೆ ಕೇಳದ ಹೊರತು ಒಂದೇ ಒಂದು ಹೆಸರೂ ದಾಖಲಾಗುವುದಿಲ್ಲ. ಸಂವಿಧಾನ ತಿದ್ದುಪಡಿಗೆ ವಿಶೇಷ ಬಹುಮತ ಬೇಕಾದ್ದರಿಂದ ಅಲ್ಲಿ ಎಣಿಸಲೇಬೇಕು, ಉಳಿದ ಕಡೆ ಕೇಳಿದರೆ ಉಂಟು. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳಿಗೆ ವಿರೋಧ ಪಕ್ಷಗಳು ಮತ ವಿಭಜನೆ ಕೇಳಿದವು, ಕೇಳಿದವರು ತಮ್ಮ ಆಸನಗಳಲ್ಲಿ ಇರಲಿಲ್ಲ ಎಂದು ಪೀಠ ಹೇಳಿತು, ಗದ್ದಲದ ನಡುವೆ ಧ್ವನಿಮತದಲ್ಲೇ ಮಸೂದೆಗಳು ಅಂಗೀಕಾರವಾದವು. ದೇಶದ ರೈತರೆಲ್ಲ ಮಾತನಾಡಿಕೊಂಡ ಆ ಮಸೂದೆಗಳಿಗೆ ಕರ್ನಾಟಕದ ರಾಜ್ಯಸಭಾ ಸದಸ್ಯರಲ್ಲಿ ಯಾರು ಏನು ಹೇಳಿದರು ಎಂಬ ಮತದ ಪಟ್ಟಿ ಎಲ್ಲಿಯೂ ಸಿಗದು, ಏಕೆಂದರೆ ಅಂಥ ಪಟ್ಟಿ ಹುಟ್ಟಲೇ ಇಲ್ಲ. ನನಗೆ ಇದು ನಿಜವಾಗಿಯೂ ನೋವಿನ ಸಂಗತಿ. ನನ್ನ ಪರವಾಗಿ ಹಾಕಿದ ಮತವನ್ನು ನನ್ನಿಂದಲೇ ಮರೆಯಲ್ಲಿಡುವ ಪದ್ಧತಿ ಇದು.

ಪಟ್ಟಿ ಹುಟ್ಟಿದರೂ ಅದನ್ನು ಓದುವಾಗ 1985ರ 52ನೇ ತಿದ್ದುಪಡಿ ನೆನಪಿರಬೇಕು. ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿ ಬಂದ ಮೇಲೆ ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಮೀರಿದವರ ಸದಸ್ಯತ್ವಕ್ಕೇ ಕುತ್ತು. ಆದ್ದರಿಂದ ಪರ ಅಥವಾ ವಿರುದ್ಧ ಎಂಬುದು ಹೆಚ್ಚಾಗಿ ಪಕ್ಷದ ಮಾತು. ವ್ಯಕ್ತಿಯ ಗುರುತು ಸಿಗುವುದು ಬೇರೆಡೆ: ಹಾಜರಿದ್ದರೋ ಇಲ್ಲವೋ, ತಮ್ಮ ಹೆಸರಿನಲ್ಲಿ ತಿದ್ದುಪಡಿ ಸೂಚಿಸಿದರೋ, ಸಮಿತಿಯಲ್ಲಿ ಏನು ಮಾಡಿದರು. ಈ ಕೊನೆಯದು ನನಗೆ ಅನಿರೀಕ್ಷಿತವಾಗಿ ಸಿಕ್ಕ ನಿಧಿ. ಇಲಾಖೆಗಳಿಗೆ ಸಂಬಂಧಿಸಿದ 24 ಸ್ಥಾಯಿ ಸಮಿತಿಗಳಿವೆ, ಒಂದೊಂದರಲ್ಲೂ 31 ಸದಸ್ಯರು. ಅವುಗಳ ವರದಿಗಳ ಕೊನೆಯ ಅನುಬಂಧದಲ್ಲಿ ಸಭೆಯ ನಡಾವಳಿ ಇರುತ್ತದೆ, ಅದರ ಆರಂಭದಲ್ಲೇ ಅಂದು ಬಂದವರ ಹೆಸರುಗಳು. ಕ್ಯಾಮೆರಾ ಇಲ್ಲದ ಕೋಣೆ ಅದು. ನಮ್ಮ ಸಂಸದರ ಹೆಸರು ನಾನು ನೋಡಿದ ಏಳು ಸಭೆಗಳಲ್ಲಿ ಐದರಲ್ಲಿತ್ತು. ಅವರ ಬಗ್ಗೆ ನನಗೆ ಗೌರವ ಹೆಚ್ಚಿದ್ದು ಆ ಪುಟಗಳಿಂದ, ಫ್ಲೆಕ್ಸ್‌ನಿಂದಲ್ಲ.

ಪತ್ರಿಕೆ ಮತ್ತು ಸಂಸದರ ಕಚೇರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಚೇರಿಯಲ್ಲಿ ಚಹಾ ಕೊಟ್ಟು ಮರ್ಯಾದೆಯಿಂದ ಮಾತನಾಡಿಸಿದರು, ಭೂಮಿಪೂಜೆಯ ಚಿತ್ರಗಳ ಬಣ್ಣದ ಪುಸ್ತಿಕೆ ಕೈಗಿತ್ತರು. ಅದರಲ್ಲಿ ಇದ್ದದ್ದು ವರ್ಷಕ್ಕೆ ಐದು ಕೋಟಿಯ ಸಂಸದರ ನಿಧಿಯ ಕೆಲಸಗಳು, ಶಾಸನ ರಚನೆಯ ಒಂದು ಸಾಲೂ ಇರಲಿಲ್ಲ. ಪತ್ರಿಕೆ ದೊಡ್ಡ ದಿನಗಳನ್ನು ಹಿಡಿಯುತ್ತದೆ, ಸಾಧಾರಣ ಮಂಗಳವಾರಗಳನ್ನು ಹಿಡಿಯುವುದಿಲ್ಲ.

ಸಮಯ ಅರ್ಧ ಗಂಟೆ ಮಾತ್ರ ಇದ್ದರೆ ಎಂಪಿ ಟ್ರ್ಯಾಕ್ ಸಾಕು, ಆದರೆ ಅಲ್ಲಿ ಕಂಡ ಪ್ರಶ್ನೆಗಳಲ್ಲಿ ಮೂರನ್ನಾದರೂ ಆರಿಸಿ ಮೂಲ ಉತ್ತರ ಓದಿ. ಒಂದು ಭಾನುವಾರವಿಡೀ ಇದ್ದರೆ ಸಂಸತ್ತಿನ ಜಾಲತಾಣದಲ್ಲೇ ಕಳೆಯಿರಿ: ಚರ್ಚೆಯ ಪೂರ್ಣಪಾಠ, ಸಮಿತಿಯ ನಡಾವಳಿ. ನಾನು ಒಂದನ್ನೇ ಇಟ್ಟುಕೊಳ್ಳಬೇಕೆಂದರೆ ಅದನ್ನೇ ಇಟ್ಟುಕೊಳ್ಳುತ್ತೇನೆ.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಪಟ್ಟಿಯಲ್ಲಿ ನಮ್ಮ ಸಂಸದರ ಹೆಸರಿತ್ತು, ಪಕ್ಕದಲ್ಲಿ ನಕ್ಷತ್ರ: ಚೀಟಿಯ ಮತ. ಆ ಪುಟವನ್ನು ಮುದ್ರಿಸಿ ತರಗತಿಗೆ ಒಯ್ದೆ. ಅವಳು ಹೆಸರಿನ ಮೇಲೆ ಬೆರಳಿಟ್ಟು ಓದಿ, ಹಾಳೆಯನ್ನು ಹಿಂದಿನ ಬೆಂಚಿಗೆ ದಾಟಿಸಿದಳು. ನಂತರ ಕೇಳಿದಳು: "ನಮ್ಮ ಶಾಸಕರದ್ದು, ಮೇಡಂ?"

ಈಗ ಎರಡನೇ ನೋಟ್‌ಬುಕ್ ತೆರೆದಿದ್ದೇನೆ. ವಿಧಾನಸಭೆಯ ಪ್ರಶ್ನೋತ್ತರಗಳು ಕನ್ನಡದಲ್ಲೇ ಸಿಗುತ್ತವೆ, ಅದೊಂದು ಸುಖ. ಮತದ ಅಂಕಣದಲ್ಲಿ ಸದ್ಯಕ್ಕೆ ಬರೆದಿರುವುದು 2019ರ ಜುಲೈ 23ರ ವಿಶ್ವಾಸಮತ ಮಾತ್ರ, ಸಾಲು ಸಾಲಾಗಿ ತಲೆ ಎಣಿಸಿದಾಗ ಬಂದ 99–105. ಅದರ ಕೆಳಗಿನ ಸಾಲುಗಳಲ್ಲೆಲ್ಲ "ಧ್ವನಿಮತ", "ಧ್ವನಿಮತ" ಎಂದೇ ಬರೆಯುತ್ತಿದ್ದೇನೆ.