ಎಂಬತ್ತು ಪುಟದ ನೋಟ್‌ಬುಕ್, ಎರಡು ಪುಟದ ನಿಯಮ: ನನ್ನ ಗೊಂಬೆಸೈನ್ಯ ಆಟ ಬದಲಿಸಿದ್ದು

ಮೊದಲೇ ಹೇಳಿಬಿಡುತ್ತೇನೆ, ಮೇಜಿನ ಮೇಲೆ ಗೊಂಬೆಸೈನ್ಯ ಇಟ್ಟು ಕಾದಾಡುವ ಆಟಗಳಲ್ಲಿ ನಾನೀಗ ಗ್ರಿಮ್‌ಡಾರ್ಕ್ ಫ್ಯೂಚರ್ ಪಕ್ಷ. ವಾರ್‌ಹ್ಯಾಮರ್ 40,000 ಆಡಲೆಂದು ಕೊಂಡು, ಅಂಟಿಸಿ, ಬಣ್ಣ ಬಳಿದ ಗೊಂಬೆಗಳನ್ನೇ ಇಟ್ಟುಕೊಂಡು ಒನ್ ಪೇಜ್ ರೂಲ್ಸ್‌ನವರ ಈ ಆಟಕ್ಕೆ ಬಂದು ಎರಡು ಮಳೆಗಾಲ ಕಳೆದವು. ಒಂದು ಗೊಂಬೆಯನ್ನೂ ಮಾರಲಿಲ್ಲ, ಹೊಸದೊಂದನ್ನೂ ಕೊಳ್ಳಲಿಲ್ಲ. ಬದಲಾದದ್ದು ಮೇಜಿನ ಮೇಲಿರುವ ಕಾಗದ ಮಾತ್ರ. ಹಾಗಾಗಿ ಕಾಗದದ ಬಗ್ಗೆಯೇ ಹೆಚ್ಚು ಬರೆಯುತ್ತೇನೆ. ಎರಡರಲ್ಲೂ ಆರು ಮುಖದ ದಾಳ, ಇಂಚಿನ ಟೇಪು, ಬೆರಳುದ್ದದ ಸೈನಿಕರು. ಅದನ್ನೆಲ್ಲ ವಿವರಿಸಲು ಹೋಗುವುದಿಲ್ಲ.

ನಾವು ಆಡುವುದು ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆಯ ಚಾವಡಿಯಲ್ಲಿ. ಹಳೆಯ ಮನೆ ಕಳಚಿದಾಗ ಉಳಿದ ಎರಡು ಬಾಗಿಲುಗಳನ್ನು ಬೆಂಚಿನ ಮೇಲೆ ಜೋಡಿಸಿದರೆ ಆರಡಿಗೆ ನಾಲ್ಕಡಿಯ ರಣರಂಗ ಸಿದ್ಧ. ಮುರಿದ ಗೋಡೆಗಳನ್ನು ಥರ್ಮಕೋಲ್‌ನಿಂದ ಕೊರೆದು, ಬೇಕಲ ಕೋಟೆಯ ಮುರಕಲ್ಲಿನ ಬಣ್ಣ ಹಚ್ಚಿದ್ದೇವೆ. ಎದುರಾಳಿ ಮುಳ್ಳೇರಿಯದ ಭಾವ. ಅವರದು ನೀಲಿ ಕವಚದ ಸ್ಪೇಸ್ ಮರೀನ್ ಪಡೆ, ನನ್ನದು ಲೋಹದ ಅಸ್ಥಿಪಂಜರಗಳಂಥ ನೆಕ್ರಾನ್. ಮೂರನೆಯವನು ಪಕ್ಕದ ಮನೆಯ ಹುಡುಗ, ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಓದುತ್ತಿದ್ದವನು. ಭಾವ ಮಧ್ಯಾಹ್ನ ಊಟ ಮುಗಿಸಿ ಎರಡು ಗಂಟೆಗೆ ಬರುತ್ತಾರೆ. ಸಂಜೆ ಹಸು ಕರೆದು ಸೊಸೈಟಿಗೆ ಹಾಲು ಮುಟ್ಟಿಸಬೇಕಾದ್ದರಿಂದ ನಾಲ್ಕೂವರೆಗೆ ಹೊರಡಲೇಬೇಕು. ನಮ್ಮ ಪಾಲಿಗೆ ಒಂದು ಆಟವೆಂದರೆ ಎರಡೂವರೆ ಗಂಟೆ. ಕೆಳಗೆ ನಾನು ಹೇಳುವ ಪ್ರತಿಯೊಂದಕ್ಕೂ ಈ ಎರಡೂವರೆ ಗಂಟೆಯೇ ಅಳತೆಗೋಲು.

2023ರ ಫೆಬ್ರವರಿಯಲ್ಲಿ ನೆಕ್ರಾನ್ ಪಡೆಯ ನಿಯಮಗಳಿರುವ ಕೋಡೆಕ್ಸ್ ಪುಸ್ತಕವನ್ನು ದೂರದ ಒಂದು ಅಂಗಡಿಯಿಂದ ತರಿಸಿಕೊಂಡೆ. ಸಾಗಣೆ ಸೇರಿ ಮೂರೂವರೆ ಸಾವಿರದ ಹತ್ತಿರ ಬಿತ್ತು. ಅದು ಆಟದ ಒಂಬತ್ತನೆಯ ಆವೃತ್ತಿಯ ಪುಸ್ತಕ. ಹತ್ತನೆಯ ಆವೃತ್ತಿ ಅದೇ ವರ್ಷ ಜೂನಿನಲ್ಲಿ ಬಂತು. ಎಂಟನೆಯದು 2017ರಲ್ಲಿ, ಒಂಬತ್ತನೆಯದು 2020ರಲ್ಲಿ ಬಂದಿತ್ತು. ಮೂರು ವರ್ಷಕ್ಕೊಮ್ಮೆ ಬರುವ ಲೆಕ್ಕ ಗೊತ್ತಿದ್ದವರು ಫೆಬ್ರವರಿಯಲ್ಲಿ ಆ ಪುಸ್ತಕ ಕೊಳ್ಳುತ್ತಿರಲಿಲ್ಲ. ನನಗೆ ಗೊತ್ತಿರಲಿಲ್ಲ, ಮಾರಿದವರು ಹೇಳಲಿಲ್ಲ. ಹೊಸ ಆವೃತ್ತಿಯ ಜೊತೆ ಎಲ್ಲ ಪಡೆಗಳ ನಿಯಮಗಳನ್ನೂ ಉಚಿತವಾಗಿ ಕೊಟ್ಟರು ಎಂಬುದನ್ನೂ ಹೇಳಬೇಕು. ಆದ್ದರಿಂದ ಆಟ ನಿಲ್ಲಲಿಲ್ಲ. ನನ್ನ ದುಃಖ ಪುಸ್ತಕದ ದುಡ್ಡಿನದೂ ಅಲ್ಲ, ಅದರ ಪಕ್ಕದಲ್ಲಿದ್ದ ನೋಟ್‌ಬುಕ್ಕಿನದು.

ಮಾರ್ಚಿನಿಂದ ಮೇ ತನಕ ರಾತ್ರಿ ಕುಳಿತು ಆ ನಿಯಮಗಳನ್ನೆಲ್ಲ ನಾನು ಕನ್ನಡದಲ್ಲಿ ಬರೆದಿದ್ದೆ. ಎಂಬತ್ತು ಪುಟದ ಗೆರೆ ಹಾಕಿದ ನೋಟ್‌ಬುಕ್, ನೀಲಿ ಶಾಯಿ, ತುಕಡಿಗಳ ಹೆಸರಿಗೆ ಕೆಂಪು. ಭಾವನಿಗಾಗಲಿ ಹುಡುಗನಿಗಾಗಲಿ ಇಂಗ್ಲಿಷ್ ಬಾರದೆ ಅಲ್ಲ. ಆದರೆ ಆ ಇಂಗ್ಲಿಷ್ ಜಮೀನಿನ ದಸ್ತಾವೇಜಿನ ಹಾಗೆ. ಒಂದು ವಾಕ್ಯದ ಹೊಟ್ಟೆಯಲ್ಲಿ ನಾಲ್ಕು ಷರತ್ತು. ಆಟದ ಬಿಸಿಯಲ್ಲಿ ಅದನ್ನು ಓದಿ ಅರ್ಥ ಮಾಡಿಕೊಳ್ಳುವ ಹೊತ್ತಿಗೆ ಬಿಸಿಯೇ ಆರಿಹೋಗುತ್ತದೆ. 1956ರಲ್ಲಿ ಕೇರಳಕ್ಕೆ ಸೇರಿದಂದಿನಿಂದ ಅರ್ಜಿ ನಮೂನೆಯನ್ನೂ ಕನ್ನಡದಲ್ಲಿ ಕೊಡಿ ಎಂದು ಕೇಳಿ ಅಭ್ಯಾಸವಾದ ಊರು ನಮ್ಮದು. ಆಟದ ನಿಯಮವೂ ಕನ್ನಡದಲ್ಲಿದ್ದರೆ ಒಳ್ಳೆಯದೆಂದು ನನಗೆ ತೋರಿತು.

ಎಲ್ಲಿ ಎಡವಿದೆ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ವಾರ್‌ಹ್ಯಾಮರ್‌ನಲ್ಲಿ ‘ವಿದಿನ್’ ಬೇರೆ, ‘ಹೋಲಿ ವಿದಿನ್’ ಬೇರೆ. ಮೊದಲನೆಯದಕ್ಕೆ ಗೊಂಬೆಯ ತಳದ ಒಂದು ಅಂಚು ಅಳತೆಯೊಳಗೆ ಬಂದರೆ ಸಾಕು, ಎರಡನೆಯದಕ್ಕೆ ತಳ ಪೂರ್ತಿ ಒಳಗಿರಬೇಕು. ನಾನು ಎರಡಕ್ಕೂ ‘ಆರು ಇಂಚಿನ ಒಳಗೆ’ ಎಂದು ಬರೆದಿದ್ದೆ. ಒಂದು ಭಾನುವಾರ ಭಾವನ ಐದು ಜನ ಮರೀನರು ಗೋಡೆಯ ಮೂಲೆಯಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ನಿಂತಿದ್ದರು. “ಒಳಗೆ ಅಂದರೆ ಒಳಗೆ ಭಾವ, ಕಾಲಿಟ್ಟರೆ ಒಳಗೇ” ಎಂದರು ಅವರು. ಹುಡುಗ ನೋಟ್‌ಬುಕ್ ನೋಡಿ ಅವರ ಪರ ನಿಂತ. ನಾನು ಮೂಲ ತೆಗೆದು, ಹುಡುಕಿ, ಓದಿ ಹೇಳುವಾಗ ಇಪ್ಪತ್ತು ನಿಮಿಷ ಹೋಯಿತು. ಅವರೆಲ್ಲ ಹೋದ ಮೇಲೆ ನೋಟ್‌ಬುಕ್ಕಿನ ಅಷ್ಟೂ ‘ಒಳಗೆ’ಗಳನ್ನು ಹುಡುಕಿ, ಬೇಕಾದ ಕಡೆ ‘ಪೂರ್ತಿ ಒಳಗೆ’ ಎಂದು ಸೇರಿಸಿದೆ. ನಲವತ್ತಕ್ಕೂ ಹೆಚ್ಚು ಕಡೆ ಇತ್ತು.

ಜೂನಿನಲ್ಲಿ ಅದೆಲ್ಲ ಹೋಯಿತು. ನೆಕ್ರಾನ್‌ಗಳ ಜೀವಾಳವೇ ಬಿದ್ದ ಸೈನಿಕ ಮತ್ತೆ ಎದ್ದು ನಿಲ್ಲುವುದು. ಒಂಬತ್ತನೆಯ ಆವೃತ್ತಿಯಲ್ಲಿ ಶತ್ರುವಿನ ಒಂದು ತುಕಡಿ ದಾಳಿ ಮುಗಿಸಿದ ಕೂಡಲೇ ಬಿದ್ದವರಿಗಾಗಿ ದಾಳ ಹಾಕಬೇಕಿತ್ತು. ಹತ್ತನೆಯದರಲ್ಲಿ ನಮ್ಮ ಸರದಿಯ ಮೊದಲ ಹಂತವಾದ ಕಮಾಂಡ್ ಹಂತದ ಕೊನೆಗೆ, ತುಕಡಿಗೆ ಒಂದರಿಂದ ಮೂರರಷ್ಟು ಗಾಯ ಮಾತ್ರ ವಾಸಿಯಾಗುತ್ತದೆ. ಹೊಸ ನಿಯಮ ಸರಳವೇ, ನನಗೆ ಹಿಡಿಸಿತು ಕೂಡ. ಆದರೆ ಆ ಒಂದು ಬದಲಾವಣೆಗೆ ನನ್ನ ಬರಹದ ಹನ್ನೊಂದು ಪುಟ ಸುಳ್ಳಾದವು. ಎರಡನೆಯ ನೋಟ್‌ಬುಕ್ ಶುರುಮಾಡಿದೆ. ಅದು ಮೂವತ್ತನೆಯ ಪುಟಕ್ಕೆ ಬರುವಾಗ ಬ್ಯಾಲೆನ್ಸ್ ಡೇಟಾಸ್ಲೇಟ್ ಎಂಬ ತಿದ್ದುಪಡಿ ಬಂತು. ಕೆಲವು ತಿಂಗಳಿಗೊಮ್ಮೆ ಪಡೆಗಳ ಬಲಾಬಲ ಸರಿದೂಗಿಸಲು ಬರುವ ಹಾಳೆ ಅದು. ಸ್ಪರ್ಧೆಯಲ್ಲಿ ಆಡುವವರಿಗೆ ಅದು ಅಗತ್ಯ. ಚಾವಡಿಯಲ್ಲಿ ಕೈಬರಹ ಇಟ್ಟುಕೊಂಡು ಆಡುವವರಿಗೆ ಅದರ ಹಿಂದೆ ಓಡುವುದು ಸಾಧ್ಯವಿಲ್ಲ.

ಗ್ರಿಮ್‌ಡಾರ್ಕ್ ಫ್ಯೂಚರ್‌ನ ಮೂಲ ನಿಯಮಗಳನ್ನು ಇಳಿಸಿಕೊಂಡು ಮುದ್ರಿಸಿದ ದಿನ ನಾನು ಕಾಗದವನ್ನು ಮಗುಚಿ ಮಗುಚಿ ನೋಡಿದೆ. ಎರಡೇ ಪುಟ. ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಬರೆಯಲು ಕುಳಿತವನು ಊಟಕ್ಕೆ ಏಳುವ ಮೊದಲು ಲೆಕ್ಕದ ಪುಸ್ತಕದ ಒಂದು ದೊಡ್ಡ ಹಾಳೆಯ ಎರಡು ಬದಿಯಲ್ಲಿ ಇಡೀ ಆಟವನ್ನು ಕನ್ನಡಕ್ಕೆ ಇಳಿಸಿದ್ದೆ. ಗುರಿ ತಾಗಲು ದಾಳದಲ್ಲಿ ಬೀಳಬೇಕಾದ ಅಂಕೆಯನ್ನು ಹೇಳುವ ‘ಕ್ವಾಲಿಟಿ’ಗೆ ಪದ ಸಿಗದೆ ಒದ್ದಾಡುತ್ತಿದ್ದಾಗ “ಕೈಗುರಿ ಅಂತ ಬರೆಯಿರಿ ಮಾವ” ಎಂದ ಹುಡುಗ. ಹಾಗೆಯೇ ಬರೆದೆ. ‘ಡಿಫೆನ್ಸ್’ ಕವಚವಾಯಿತು, ‘ಚಾರ್ಜ್’ ನುಗ್ಗು, ‘ಫಟೀಗ್’ ದಣಿವು. ಧೈರ್ಯದ ದಾಳದಲ್ಲಿ ಸೋತು ಒಂದು ಸರದಿ ಸುಮ್ಮನೆ ನಿಲ್ಲುವ ತುಕಡಿಗೆ ಭಾವ ‘ಎದೆಗುಂದಿದ್ದು’ ಎಂದು ಹೆಸರಿಟ್ಟರು. ಈ ಆಟವೂ ತಿದ್ದುಪಡಿ ಕಾಣುತ್ತದೆ. ಆದರೆ ಇಡೀ ಹಾಳೆಯನ್ನೇ ಮತ್ತೆ ಬರೆದರೂ ಅರ್ಧ ದಿನದ ಕೆಲಸ.

ದಾಳದ ಲೆಕ್ಕವನ್ನು ಒಮ್ಮೆ ಹತ್ತಿರದಿಂದ ನೋಡಿ. ಹತ್ತನೆಯ ಆವೃತ್ತಿಯಲ್ಲಿ ನನ್ನ ಹತ್ತು ನೆಕ್ರಾನ್ ಯೋಧರು ಹನ್ನೆರಡು ಇಂಚಿನೊಳಗಿನ ಮರೀನರಿಗೆ ಗುಂಡು ಹಾರಿಸಿದರೆ ಇಪ್ಪತ್ತು ದಾಳ. ನಾಲ್ಕು ಅಥವಾ ಹೆಚ್ಚು ಬಿದ್ದರೆ ತಾಗಿತು. ಆರು ಬಿದ್ದವನ್ನು ಪಕ್ಕಕ್ಕಿಡಬೇಕು, ಅವು ನೇರ ಗಾಯ. ಉಳಿದವಕ್ಕೆ ನನ್ನ ಬಂದೂಕಿನ ಬಲವನ್ನೂ ಅವರ ಮೈಗಟ್ಟಿಯನ್ನೂ ಹೋಲಿಸಿ ಮತ್ತೆ ದಾಳ. ಅದರಲ್ಲಿ ಗೆದ್ದವನ್ನೂ ಪಕ್ಕಕ್ಕಿಟ್ಟವನ್ನೂ ಕೂಡಿಸಿ ಭಾವನ ಕೈಗೆ ಕೊಟ್ಟರೆ ಅವರು ಕವಚದ ದಾಳ ಹಾಕುತ್ತಾರೆ. ಇಷ್ಟೆಲ್ಲ ಆದ ಮೇಲೆ ಸರಾಸರಿ ಲೆಕ್ಕದಲ್ಲಿ ಬೀಳುವುದು ಒಬ್ಬನೇ ಮರೀನ್, ಯಾಕೆಂದರೆ ಒಬ್ಬೊಬ್ಬನಿಗೂ ಎರಡು ಗಾಯ ತಾಳುವ ಶಕ್ತಿ. ಗ್ರಿಮ್‌ಡಾರ್ಕ್‌ನಲ್ಲಿ ನಾನು ಕೈಗುರಿಯ ದಾಳ ಹಾಕುತ್ತೇನೆ, ತಾಗಿದಷ್ಟಕ್ಕೆ ಅವರು ಕವಚದ ದಾಳ ಹಾಕುತ್ತಾರೆ, ಉಳಿದದ್ದು ಗಾಯ. ನಡುವಿನ ಹೋಲಿಕೆಯೇ ಇಲ್ಲ. ಒಂದು ದಾಳಿಗೆ ಒಂದು ನಿಮಿಷ ಉಳಿದರೂ ಇಡೀ ಆಟಕ್ಕೆ ಎಷ್ಟೆಂದು ಭಾವನ ಹಸುವಿಗೆ ಗೊತ್ತು.

ಕಾಯುವುದರ ಬಗ್ಗೆ: ವಾರ್‌ಹ್ಯಾಮರ್‌ನಲ್ಲಿ ಒಬ್ಬರ ಪೂರ್ತಿ ಪಡೆ ನಡೆದು, ಗುಂಡು ಹಾರಿಸಿ, ನುಗ್ಗಿ, ಹೊಡೆದಾಡಿ ಮುಗಿಸುವವರೆಗೆ ಇನ್ನೊಬ್ಬರು ಹೆಚ್ಚಾಗಿ ಕವಚದ ದಾಳ ಹಾಕುತ್ತ ಕೂರಬೇಕು. ಇಲ್ಲಿ ನನ್ನದೊಂದು ತುಕಡಿ, ಅವರದೊಂದು ತುಕಡಿ. ಹುಡುಗ ಮೊಬೈಲ್ ಕೆಳಗಿಟ್ಟದ್ದು ಈ ಆಟಕ್ಕೆ ಬಂದ ಮೇಲೆ.

ಇದರಲ್ಲಿ ಒಂದು ತೊಡಕಿದೆ. ಹೀಗೆ ಒಂದೊಂದೇ ತುಕಡಿ ನಡೆಸುವಾಗ ಯಾವುದು ಆಗಲೇ ನಡೆದಿದೆ, ಯಾವುದು ಬಾಕಿ ಎಂದು ಮರೆತುಹೋಗುತ್ತದೆ. ಮೊದಲ ಮೂರು ಆಟಗಳಲ್ಲಿ ಜಗಳಕ್ಕೆ ಇದ್ದ ಕಾರಣ ಇದೊಂದೇ. ಅಜ್ಜಿಯ ಚೆನ್ನೆಮಣೆ ಅಟ್ಟದಲ್ಲಿತ್ತು, ಅದರ ಕೆಂಪು ಮಂಜೊಟ್ಟಿ ಕಾಳುಗಳು ಬಟ್ಟೆಚೀಲದಲ್ಲಿ ಹಾಗೆಯೇ ಉಳಿದಿದ್ದವು. ನಡೆದ ತುಕಡಿಯ ಪಕ್ಕ ಒಂದು ಕಾಳು, ದಣಿದದ್ದಕ್ಕೆ ಎರಡು, ಎದೆಗುಂದಿದ್ದಕ್ಕೆ ಮೂರು. ಸುತ್ತು ಮುಗಿದಾಗ ನಡೆದದ್ದರ ಮತ್ತು ದಣಿವಿನ ಕಾಳುಗಳನ್ನು ಎತ್ತಿ ಮತ್ತೆ ಚೀಲಕ್ಕೆ. ಆ ಕೆಂಪು ಹಸಿರು ಹಲಗೆಯ ಮೇಲೆ ದೂರದಿಂದಲೂ ಕಾಣುತ್ತದೆ, ಹಗುರವಾದರೂ ಫ್ಯಾನಿನ ಗಾಳಿಗೆ ಹಾರುವುದಿಲ್ಲ. ಪೇಟೆಯ ಪ್ಲಾಸ್ಟಿಕ್ ಬಿಲ್ಲೆಗಳಿಗಿಂತ ನನಗೆ ಇವೇ ಇಷ್ಟ.

ತುಕಡಿಗಳ ಸಂಖ್ಯೆ ಹೆಚ್ಚಿದ್ದವರಿಗೆ ಕೊನೆಯ ನಡೆಗಳು ಉಳಿಯುತ್ತವೆ ಎಂಬುದು ಇನ್ನೊಂದು ಕೊರತೆ. ಭಾವ ಅದನ್ನು ಚೆನ್ನಾಗಿ ಬಳಸಿಕೊಳ್ಳುತ್ತಾರೆ.

ವಾರ್‌ಹ್ಯಾಮರ್ ಬಿಟ್ಟದ್ದರಿಂದ ಕಳೆದುಕೊಂಡದ್ದೂ ಇದೆ. ಅಲ್ಲಿ ನೆಕ್ರಾನ್ ನೆಕ್ರಾನ್‌ನಂತೆಯೇ ಕಾದಾಡುತ್ತದೆ. ಪ್ರತಿ ತುಕಡಿಗೂ ಅದರದೇ ನಡೆ, ಅದರದೇ ಕುಯುಕ್ತಿ. ಕಮಾಂಡ್ ಪಾಯಿಂಟ್ ಕೊಟ್ಟು ಎದುರಾಳಿ ಊಹಿಸದ ಸ್ಟ್ರಾಟಜೆಮ್ ಎಂಬ ತಂತ್ರ ಎಸೆದಾಗ ಆಗುವ ಖುಷಿ ಈ ಎರಡು ಪುಟದ ಆಟದಲ್ಲಿ ಸಿಗುವುದಿಲ್ಲ. ಇಲ್ಲಿ ನನ್ನ ಗೊಂಬೆಗಳು ‘ರೋಬಾಟ್ ಲೀಜನ್ಸ್’ ಎಂಬ ಪಟ್ಟಿಯಡಿ ಆಡುತ್ತವೆ. ಹೆಸರೇ ಸ್ವಲ್ಪ ಬಡವಾಗಿದೆ. 1987ರಿಂದ ಬೆಳೆದು ಬಂದ ಕಥಾಲೋಕದ ತೂಕ ಅದಕ್ಕೆಲ್ಲಿ? ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆ ಸರಿಸುವ ಮೊದಲೇ ಸಭೆ ಎಚ್ಚೆತ್ತು ಕೂರುತ್ತದಲ್ಲ, ಆ ಭಾರ ವಾರ್‌ಹ್ಯಾಮರ್‌ನ ಹೆಸರುಗಳಿಗಿದೆ. ನಾವು ಪಟ್ಟಿ ಇಲ್ಲಿಯದು ಬಳಸಿದರೂ ಹೆಸರು ಕರೆಯುವುದು ಹಳೆಯದನ್ನೇ.

ವಾರ್‌ಹ್ಯಾಮರ್‌ನ ಸಣ್ಣ ರೂಪವಾದ ಕಿಲ್ ಟೀಮ್ ಕೂಡ ಆಡಿ ನೋಡಿದೆ. 22 ಇಂಚಿಗೆ 30 ಇಂಚಿನ ಹಲಗೆ, ಒಂದೊಂದು ಕಡೆಗೆ ಹತ್ತು ಹನ್ನೆರಡು ಜನ, ಸರದಿಯೂ ಒಬ್ಬೊಬ್ಬರದು. ಸಣ್ಣ ಮನೆಯವರಿಗೆ, ಈಗಷ್ಟೇ ಶುರುಮಾಡುವವರಿಗೆ ನಿಜಕ್ಕೂ ಒಳ್ಳೆಯದು. 2021ರ ಆವೃತ್ತಿಯಲ್ಲಿ ಅಳತೆಗೆ ಇಂಚಿನ ಬದಲು ತ್ರಿಕೋನ, ವೃತ್ತ, ಚೌಕ, ಪಂಚಕೋನ ಎಂದು ಗುರುತುಗಳಿದ್ದವು. 2024ರಲ್ಲಿ ಮತ್ತೆ ಇಂಚಿಗೇ ಬಂದರು. ನನ್ನ ಕಷ್ಟ ಅದಲ್ಲ. ಎರಡು ವರ್ಷ ಕುಳಿತು ಬಣ್ಣ ಹಚ್ಚಿದ ಮೂವತ್ತಾರು ಗೊಂಬೆಗಳಲ್ಲಿ ಹತ್ತನ್ನು ಹೊರಗಿಟ್ಟು ಉಳಿದವನ್ನು ಪೆಟ್ಟಿಗೆಯಲ್ಲಿ ಬಿಡಲು ನನಗೆ ಮನಸ್ಸು ಬರಲಿಲ್ಲ.

ಬಣ್ಣದ ಮಾತು ಎರಡೂ ಆಟಕ್ಕೆ ಒಂದೇ. ನಮ್ಮ ಜೂನ್, ಜುಲೈ ತೇವದಲ್ಲಿ ಸ್ಪ್ರೇ ಡಬ್ಬಿ ಮುಟ್ಟಬೇಡಿ, ಮೇಲೆ ಬಿಳಿ ಬೂದಿ ಕಟ್ಟುತ್ತದೆ. ಪ್ರೈಮರ್ ಕುಂಚದಲ್ಲೇ ಹಚ್ಚಿ.

ಖರ್ಚಿನ ಲೆಕ್ಕ ಹೀಗಿದೆ. ವಾರ್‌ಹ್ಯಾಮರ್‌ಗೆ ಗೊಂಬೆ ಬಿಟ್ಟು ಪುಸ್ತಕ, ಕಾರ್ಡು ಎಂದು ನನಗೆ ಆರು ಸಾವಿರದ ಮೇಲೆ ಹೋಗಿದೆ. ಗ್ರಿಮ್‌ಡಾರ್ಕ್‌ನ ಮೂಲ ನಿಯಮ ಉಚಿತ, ಪಡೆ ಕಟ್ಟುವ ಆರ್ಮಿ ಫೋರ್ಜ್ ಎಂಬ ಆ್ಯಪ್ ಕೂಡ ಉಚಿತ. ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ನಾಲ್ಕು ಹಾಳೆ ಮುದ್ರಿಸಿದ್ದಕ್ಕೆ ಕೊಟ್ಟದ್ದು ಇಪ್ಪತ್ತು ರೂಪಾಯಿ. ಯಾವ ಕಂಪನಿಯ ಗೊಂಬೆಯಾದರೂ ನಡೆಯುತ್ತದೆ ಎಂದು ಅವರೇ ಹೇಳುವುದರಿಂದ ಹುಡುಗ ರಟ್ಟಿನಲ್ಲಿ ಕತ್ತರಿಸಿ, ತಾನೇ ಚಿತ್ರ ಬಿಡಿಸಿದ ಸೈನ್ಯದೊಂದಿಗೆ ಇಳಿದಿದ್ದಾನೆ. ಅವನ ಜೇಬಿಗೆ ವಾರ್‌ಹ್ಯಾಮರ್‌ನ ಬಾಗಿಲು ತೆರೆಯುತ್ತಿರಲಿಲ್ಲ.

ಬೆಂಗಳೂರಿನಂಥ ಊರಿನಲ್ಲಿದ್ದು ವಾರವಾರ ಹೊಸ ಎದುರಾಳಿಗಳೊಂದಿಗೆ ಆಡುವವರು, ಸ್ಪರ್ಧೆಗೆ ಹೋಗುವವರು ವಾರ್‌ಹ್ಯಾಮರ್ ಬಿಡಬೇಡಿ. ಎಲ್ಲರಿಗೂ ಗೊತ್ತಿರುವ ಆಟ ಅದು, ಅಪರಿಚಿತರೊಂದಿಗೆ ಕೂತರೂ ಒಂದೇ ನಿಯಮ. ಮನೆಮಂದಿಯೊಂದಿಗೆ, ಗಡಿಯಾರ ನೋಡಿಕೊಂಡು, ತಮ್ಮ ಭಾಷೆಯಲ್ಲಿ ಆಡುವವರು ಗ್ರಿಮ್‌ಡಾರ್ಕ್‌ಗೆ ಬನ್ನಿ. ಮೊದಲು, ತುಕಡಿಗಳ ಅಂಕ ಕೂಡಿಸಿದರೆ ಸಾವಿರ ಆಗುವ ಪಡೆಯಿಂದ ಶುರುಮಾಡಿ. ನಮಗೆ ನಾಲ್ಕು ಸುತ್ತು ಮುಗಿಯಲು ಒಂದೂಮುಕ್ಕಾಲು ಗಂಟೆ ಸಾಕಾಗುತ್ತದೆ. ವಾರ್‌ಹ್ಯಾಮರ್‌ನ ಐದು ಸುತ್ತನ್ನು ಆ ಚಾವಡಿಯಲ್ಲಿ ನಾವು ಮುಗಿಸಿದ್ದು ಎರಡೇ ಸಲ, ಅದೂ ಭಾವನ ಅಕ್ಕ ಹಾಲು ಕರೆಯಲು ಒಪ್ಪಿಕೊಂಡ ದಿನಗಳಲ್ಲಿ.

ಕನ್ನಡದ ಹಾಳೆಯನ್ನು ಲ್ಯಾಮಿನೇಟ್ ಮಾಡಿಸಿ ಬಾಗಿಲಹಲಗೆಯ ಅಂಚಿಗೆ ಮೊಳೆ ಹೊಡೆದು ತೂಗಿಸಿದ್ದೇನೆ. ಎರಡನೆಯ ನೋಟ್‌ಬುಕ್ಕಿನಲ್ಲಿ ಉಳಿದ ಐವತ್ತು ಪುಟಗಳಲ್ಲಿ ಹುಡುಗ ಆಟಗಳ ಲೆಕ್ಕ ಬರೆಯುತ್ತಿದ್ದಾನೆ: ನನ್ನದು ಹದಿನಾಲ್ಕು ಗೆಲುವು, ಭಾವನದು ಹದಿನೇಳು, ಅವನದು ಆರು.