ಶಿವಮೊಗ್ಗವೋ, ಸಾಗರವೋ?

ಬೆಳಗಿನ ಎರಡು ಗಂಟೆಯಷ್ಟೇ ಕೈಯಲ್ಲಿದ್ದರೆ ಶಿವಮೊಗ್ಗ ಸಾಕು. ಗಾಂಧಿ ಬಜಾರಿನ ಹತ್ತಿರ ಬಿಸಿ ಕಡುಬು ತಿಂದು, ತುಂಗೆಯ ದಂಡೆಯ ಶಿವಪ್ಪ ನಾಯಕ ಅರಮನೆಗೆ ನಡೆಯಿರಿ. ಮರದ ಕಂಬಗಳು, ಹಳೆಯ ಶಿಲ್ಪಗಳು ಚೆನ್ನಾಗಿವೆ. ಗೈಡ್ ಇಲ್ಲದಿದ್ದರೂ ನಡೆಯುತ್ತದೆ.

ಇಡೀ ದಿನ ಇದ್ದರೆ ನನ್ನ ಓಟು ಸಾಗರಕ್ಕೆ. ಶಿವಮೊಗ್ಗದಿಂದ ಸುಮಾರು 70 ಕಿ.ಮೀ. ದೂರ, ಆದರೂ ಹೋಗಿ. ಮರದ ಕೆತ್ತನೆಯೇ ಕುಲಕಸುಬಾದ ಗುಡಿಗಾರರ ಉಳಿ ಶ್ರೀಗಂಧದ ತುಂಡಿನಲ್ಲಿ ಬಳ್ಳಿ ಎಬ್ಬಿಸುವುದನ್ನು ನಿಂತು ನೋಡಬೇಕು, ಜೊತೆಗೆ ಪರಿಮಳ ಬೇರೆ! ದೀವರು ಎಂಬ ಸಮುದಾಯದವರ ಮನೆಗಳ ಹಸೆ ಚಿತ್ತಾರವೂ ಇಲ್ಲಿಯದೇ: ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ನಾರಿನ ಕುಂಚ. ಇಲ್ಲಿ ಮಾತ್ರ ಊರಿನವರೊಬ್ಬರು ಜೊತೆಗಿರಲಿ. ಸುಮ್ನೆ ಯಾರದೋ ಮನೆಗೆ ನುಗ್ಗೋಕಾಗಲ್ಲ ಅಲ್ವಾ?

ತಿನ್ನಲು ತೊಡೆದೇವು. ಕಾದ ಮಡಕೆಯ ಬೆನ್ನಿಗೆ ಹಿಟ್ಟು ಬಳಿದು ಎಬ್ಬಿಸಿದ, ಕಾಗದದಷ್ಟು ತೆಳು ಸಿಹಿ. ಬ್ಯಾಗಿನಲ್ಲಿಟ್ಟರೆ ಪುಡಿಪುಡಿ, ಅಲ್ಲೇ ತಿಂದುಬಿಡಿ.