ಮನೆಶಾಲೆಗೆ ಉಚಿತ ಪಾಠಯೋಜನೆಯೋ, ಕೊಂಡ ಕಿಟ್ಟೋ? ನಾಲ್ಕು ವರ್ಷ ಬಳಸಿದ ಮೇಲೆ

ಬಳಸಿದ ಅವಧಿ: ನಾಲ್ಕು ಶೈಕ್ಷಣಿಕ ವರ್ಷ
ಮಟ್ಟ: ಒಂದರಿಂದ ಐದನೇ ತರಗತಿ, ಇಬ್ಬರು ಮಕ್ಕಳು
ಕೊಂಡದ್ದು: ಅಮೆರಿಕದ ಪ್ರಕಾಶಕರೊಬ್ಬರ ಎಲ್ಲ ವಿಷಯಗಳ ಬಾಕ್ಸ್ ಸೆಟ್ (ಹೆಸರು ಬೇಡ, ಈ ಬಗೆಯ ಸೆಟ್ಟುಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು)
ಪುಕ್ಕಟೆ ಸಿಕ್ಕಿದ್ದು: ಕರ್ನಾಟಕ ಪಠ್ಯಪುಸ್ತಕ ಸಂಘ ಮತ್ತು ಎನ್‌ಸಿಇಆರ್‌ಟಿ ಪಿಡಿಎಫ್‌ಗಳು, ದೀಕ್ಷಾ (ಸರ್ಕಾರದ ಕಲಿಕಾ ಜಾಲತಾಣ), ಖಾನ್ ಅಕಾಡೆಮಿ (ವಿಡಿಯೊ ಪಾಠಗಳ ತಾಣ), ಸ್ಟೋರಿವೀವರ್, ಶಿಕ್ಷಕರು ನೆಟ್‌ನಲ್ಲಿ ಹಾಕುವ ಪಾಠಯೋಜನೆಗಳು

ಗಣಿತಕ್ಕೆ ಮತ್ತು ಇಂಗ್ಲಿಷ್ ಓದು ಕಲಿಸುವ ಮೊದಲ ವರ್ಷಕ್ಕೆ ದುಡ್ಡು ಕೊಡಬಹುದು. ವಿಜ್ಞಾನ, ಪರಿಸರ, ಕನ್ನಡಕ್ಕೆ ಒಂದು ರೂಪಾಯಿಯೂ ಬೇಡ. ಉಚಿತದ ಕಡೆ ಸಾಮಗ್ರಿಗೆ ಬರವಿಲ್ಲ, ಬರ ಇರುವುದು ಅನುಕ್ರಮಕ್ಕೆ. ಯಾವುದಾದ ಮೇಲೆ ಯಾವುದು, ಮಗು ಎಲ್ಲಿ ಎಡವುತ್ತದೆ, ಎಡವಿದರೆ ಎಷ್ಟು ಹಿಂದಕ್ಕೆ ಹೋಗಬೇಕು ಎಂದು ಯಾರಾದರೂ ಕೂತು ಯೋಚಿಸಿದ್ದಾರೆಯೇ ಎಂದು ನೋಡಿಕೊಂಡರೆ ಅರ್ಧ ತೀರ್ಮಾನ ಆದಂತೆ.

612 ÷ 6 ತೆಗೆದುಕೊಳ್ಳಿ. 6ರಲ್ಲಿ 6 ಒಂದು ಸಲ. ಮುಂದಿನ 1ರಲ್ಲಿ 6 ಹೋಗುವುದಿಲ್ಲ, ಆದ್ದರಿಂದ ಮಗು 2ನ್ನೂ ಇಳಿಸಿ 12 ಮಾಡಿ 'ಎರಡು ಸಲ' ಎನ್ನುತ್ತದೆ. ಉತ್ತರ 12. ನಡುವಿನ ಸೊನ್ನೆ ಮಾಯ. ನೆಟ್‌ನಲ್ಲಿ ಒಂದು ಕ್ಲಿಕ್ಕಿಗೆ ಇಪ್ಪತ್ತು ಲೆಕ್ಕ ಉದುರಿಸುವ ವರ್ಕ್‌ಶೀಟ್‌ಗಳಲ್ಲಿ ಅಂಕಿಗಳು ಹೇಗೆ ಬಂದರೆ ಹಾಗೆ ಬರುತ್ತವೆ. ಭಾಗಲಬ್ಧದ ನಡುವೆ ಸೊನ್ನೆ ಬರುವ ಲೆಕ್ಕ ಒಂದೋ ಎರಡೋ ಇದ್ದೀತು, ಇಲ್ಲದೆಯೂ ಇದ್ದೀತು. ಉತ್ತರಪಟ್ಟಿಯಲ್ಲಿ '102' ಎಂದಷ್ಟೇ ಇರುತ್ತದೆ. ಕೊಂಡ ಗಣಿತದ ಟೀಚರ್ಸ್ ಗೈಡ್‌ನಲ್ಲಿ ಇದೊಂದಕ್ಕೇ ಒಂದು ದಿನದ ಪಾಠ ಇದೆ: ಭಾಗಿಸುವ ಮೊದಲೇ ಉತ್ತರದ ಜಾಗದಲ್ಲಿ ಮೂರು ಮನೆ ಗೀಚಿಸುವುದು, 600ನ್ನು 6ರಿಂದ ಭಾಗಿಸಿದರೆ 100, ಹಾಗಾಗಿ ಉತ್ತರ ನೂರಕ್ಕಿಂತ ಕಡಿಮೆ ಬರಕೂಡದು ಎಂದು ಅಂದಾಜು ಮಾಡಿಸುವುದು, ಆಮೇಲೆ ಲೆಕ್ಕ. ಮನೆಯಲ್ಲಿ ಕಲಿಸುವವರು ದುಡ್ಡು ಕೊಡುವುದಾದರೆ ಇಂಥ ಪುಟಕ್ಕೆ ಕೊಡಬೇಕು. ಬಣ್ಣಬಣ್ಣದ ವರ್ಕ್‌ಬುಕ್ ಇಲ್ಲದೆ ಗೈಡ್ ಮಾತ್ರ ಬಿಡಿಯಾಗಿ ಸಿಗುವುದಾದರೆ ಅದನ್ನೇ ತರಿಸಿ, ಲೆಕ್ಕಗಳನ್ನು ಚೌಕುಳಿ ನೋಟ್‌ಬುಕ್ಕಿನಲ್ಲಿ ಬರೆಸಿ.

ಹಾಗೆಂದು ಪುಕ್ಕಟೆಯದ್ದೆಲ್ಲ ಚೆಲ್ಲಾಪಿಲ್ಲಿ ಎಂದುಕೊಳ್ಳಬೇಡಿ. ಕನ್ನಡ ಓದು ಕಲಿಸಲು ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಕ್ರಮದಷ್ಟು ಅಚ್ಚುಕಟ್ಟಾದ ಅನುಕ್ರಮವನ್ನು ದುಡ್ಡು ಕೊಟ್ಟೂ ಪಡೆಯುವುದು ಕಷ್ಟ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿ ವರ್ಣಮಾಲೆಯ ಸಾಲನ್ನು ಹಿಡಿಯುವುದಿಲ್ಲ. ಅ ಆ ಇ ಈ ಎಂದು ಹೊರಟರೆ ಹದಿನೈದು ದಿನವಾದರೂ ಮಗುವಿಗೆ ಓದಲು ಒಂದು ನೆಟ್ಟಗಿನ ಪದ ಸಿಗುವುದಿಲ್ಲ. ನಲಿ-ಕಲಿಯ ಮೊದಲ ಗುಂಪು ರ, ಗ, ಸ, ದ, ಅ. ಐದೇ ಅಕ್ಷರ, ಆದರೆ ಸರ, ಅರಸ, ಅಗಸ, ಗರಗಸ, ದಸರ ಎಲ್ಲ ಓದಬಹುದು. ಮುಂದಿನ ಗುಂಪಿನ ಜ, ವ, ಮ, ಬ, ನ ಸೇರಿದರೆ ಮರ, ಜನ, ಗಮನ, ಅವಸರ. ರಟ್ಟು ಕತ್ತರಿಸಿ ಅಂಗೈಯಗಲದ ಕಾರ್ಡು ಮಾಡಿ ದಪ್ಪ ಮಾರ್ಕರಿನಲ್ಲಿ ಬರೆದರೆ ಸಾಕು. ಗುಂಪಿನ ಐದೂ ಅಕ್ಷರ ತಡವರಿಸದೆ ಬಂದ ಮೇಲೇ ಮುಂದಿನ ಗುಂಪು; ಇಲ್ಲಿ ಆತುರ ಮಾಡಿದರೆ ಕಾಗುಣಿತಕ್ಕೆ ಬಂದಾಗ ಬ, ವ, ಮ ಕಲಸಿಹೋಗುತ್ತವೆ.

ಓದಿಸಲು ಸ್ಟೋರಿವೀವರ್ ಇದೆ: ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ್ದು, ನಾಲ್ಕು ಹಂತದ ಕಥೆಗಳು, ಪಿಡಿಎಫ್ ಇಳಿಸಿಕೊಂಡು ಮುದ್ರಿಸಲು ಅಡ್ಡಿಯಿಲ್ಲ. ಮೊದಲ ಹಂತದ ಪುಸ್ತಕದಲ್ಲೂ ಒತ್ತಕ್ಷರ ಬಂದೇ ಬರುತ್ತದೆ ಎಂಬುದು ನೆನಪಿರಲಿ. ಅಜ್ಜಿ, ಅಮ್ಮ, ಬೆಕ್ಕು ಇಲ್ಲದ ಮಕ್ಕಳ ಕಥೆ ಎಲ್ಲಿದೆ? ಒತ್ತಕ್ಷರ ಕಲಿಯುವವರೆಗೆ ಅವನ್ನು ನೀವೇ ಓದಿ ಹೇಳಿ.

ಶಿಕ್ಷಕರು ಹಾಕುವ ಪಾಠಯೋಜನೆಗಳ ತೊಂದರೆ ಬೇರೆ ಬಗೆಯದು. ಅವು ನಲವತ್ತು ನಿಮಿಷದ ಪೀರಿಯಡ್ಡಿಗೆ, ಮೂವತ್ತು ಮಕ್ಕಳ ಕೋಣೆಗೆ ಬರೆದವು. 'ನಾಲ್ಕು ಗುಂಪು ಮಾಡಿ ಚರ್ಚಿಸಲು ಹೇಳಿ' ಎಂದಿದ್ದರೆ ಅಡುಗೆಮನೆಯ ಮೇಜಿನಲ್ಲಿ ಕೂತ ಒಂದು ಮಗು ಯಾರ ಜೊತೆ ಚರ್ಚಿಸಬೇಕು? 5-ಇ ಮಾದರಿಯ (ಪಾಠವನ್ನು ಐದು ಹಂತದಲ್ಲಿ ಕಟ್ಟುವ) ಯೋಜನೆ ಸಿಕ್ಕಿದರೆ ಪೀಠಿಕೆಯ ಪ್ರಶ್ನೆ, ಚಟುವಟಿಕೆ, ಕೊನೆಯ ಮೌಲ್ಯಮಾಪನ ಇವಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಗೀಟು ಹಾಕಿ ತೆಗೆಯಿರಿ. ಹದಿನೈದು ನಿಮಿಷದ ಪಾಠ ಉಳಿಯುತ್ತದೆ. ಯೋಜನೆ ಯಾವ ವರ್ಷದ್ದು ಎಂದೂ ನೋಡಿ. ಎನ್‌ಸಿಇಆರ್‌ಟಿ 1 ಮತ್ತು 2ನೇ ತರಗತಿಗೆ 2023ರಲ್ಲಿ, 3 ಮತ್ತು 6ಕ್ಕೆ 2024ರಲ್ಲಿ, 4, 5, 7, 8ಕ್ಕೆ 2025ರಲ್ಲಿ ಹೊಸ ಪುಸ್ತಕ ತಂದಿದೆ. ನೆಟ್‌ನಲ್ಲಿ ಮೊದಲು ಕಣ್ಣಿಗೆ ಬೀಳುವ ಯೋಜನೆಗಳು ಹಳೆಯ ಪಾಠಗಳವು, ಹೊಸ ಪುಸ್ತಕದ ಅಧ್ಯಾಯಕ್ಕೆ ತಾಳೆಯಾಗುವುದಿಲ್ಲ. ಹೀಗೆ ಹುಡುಕಿ, ಜರಡಿ ಹಿಡಿದು, ಜೋಡಿಸಲು ವಾರಕ್ಕೆ ಎರಡರಿಂದ ಮೂರು ಗಂಟೆ ಬೇಕು. ಉಚಿತದ ನಿಜವಾದ ಬೆಲೆ ಅದು.

ಮುದ್ರಣದ ಖರ್ಚೂ ಇದೆ. ದಿನಕ್ಕೆ ಮೂರು ಪುಟದಂತೆ 180 ದಿನಕ್ಕೆ 540 ಪುಟ, ಜೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ 2 ರೂಪಾಯಿ ಎಂದಿಟ್ಟುಕೊಂಡರೆ 1,080 ರೂಪಾಯಿ. 200 ಪುಟದ ಪಠ್ಯಪುಸ್ತಕದ ಪಿಡಿಎಫ್ ಇಳಿಸಿ ಮುದ್ರಿಸಿದರೆ 400 ರೂಪಾಯಿ ಮತ್ತು ಸ್ಪೈರಲ್ ಬೈಂಡಿಂಗ್; ಎನ್‌ಸಿಇಆರ್‌ಟಿಯ ಅಚ್ಚಾದ ಪುಸ್ತಕ ಅದರ ಕಾಲುಭಾಗಕ್ಕೂ ಕಡಿಮೆಗೆ, ಬಣ್ಣದಲ್ಲಿ ಸಿಗುತ್ತದೆ. ಪಠ್ಯಪುಸ್ತಕವನ್ನು ಅಚ್ಚಿನಲ್ಲೇ ಕೊಳ್ಳಿ, ವರ್ಕ್‌ಶೀಟ್ ಮಾತ್ರ ಮುದ್ರಿಸಿ.

ಅಮೆರಿಕದ ಉಚಿತ ಹಾಳೆಗಳನ್ನು ಮುದ್ರಿಸುವಾಗ ಒಂದು ಗುಟ್ಟಿನ ತೊಡಕಿದೆ. ಅವರ 'ಲೆಟರ್' ಹಾಳೆ 216×279 ಮಿಲಿಮೀಟರ್, ನಮ್ಮ ಎ4 210×297. ಪ್ರಿಂಟರಿನಲ್ಲಿ 'ಫಿಟ್' ಆಯ್ಕೆ ಇದ್ದರೆ ಹಾಳೆ ಶೇ 97ಕ್ಕೆ ಕುಗ್ಗುತ್ತದೆ. 10 ಸೆಂಟಿಮೀಟರ್ ಎಂದು ಅಚ್ಚಾದ ಗೆರೆ ಸ್ಕೇಲಿನಲ್ಲಿ 9.7 ತೋರಿಸುತ್ತದೆ, ಮಗು ಸರಿಯಾಗಿ ಅಳೆದು ಉತ್ತರಪಟ್ಟಿಯ ಪ್ರಕಾರ ತಪ್ಪಾಗುತ್ತದೆ. ಅಳತೆಯ ಹಾಳೆಗಳಿಗೆ 'ಆ್ಯಕ್ಚುಯಲ್ ಸೈಜ್' ಒತ್ತಿ. ಎರಡು ಬದಿಯಲ್ಲಿ ಮೂರು ಮೂರು ಮಿಲಿಮೀಟರ್ ಹೋಗುತ್ತದೆ, ಅಲ್ಲಿ ಹೇಗೂ ಖಾಲಿ ಅಂಚು.

ಇನ್ನು ಬಾಕ್ಸ್ ಸೆಟ್. 36 ವಾರ, ವಾರಕ್ಕೆ ಐದು ದಿನ, ಪ್ರತಿ ದಿನದ್ದೂ ಪಟ್ಟಿ ಸಿದ್ಧ. ಮೊದಲ ವರ್ಷದವರಿಗೆ ಇದು ದೊಡ್ಡ ನೆಮ್ಮದಿ. ಆದರೆ ಮನೆಗೆ ನೆಂಟರು ಬಂದು ಮೂರು ದಿನ ತಪ್ಪಿದರೆ ಎಲ್ಲ ವಿಷಯಗಳೂ ಒಟ್ಟಿಗೆ ಹಿಂದೆ ಬಿದ್ದಂತೆ ಕಾಣುತ್ತದೆ. ದಿನದ ಅಂಕಣಕ್ಕೆ ಗೀಟು ಹಾಕಿ, ಒಂದೊಂದು ವಿಷಯಕ್ಕೆ ಒಂದೊಂದು ಪುಟಗುರುತು ಇಟ್ಟು ಅದರ ಪಾಡಿಗೆ ಅದು ಸಾಗಲು ಬಿಡಿ.

ಸಂಖ್ಯೆಗಳ ವಿಷಯದಲ್ಲಿ 99,999ರವರೆಗೆ ಅವರದ್ದೂ ನಮ್ಮದೂ ಒಂದೇ. ತಕರಾರು ಶುರುವಾಗುವುದು ಲಕ್ಷದಲ್ಲಿ: ಅವರು 100,000 ಬರೆಯುವಲ್ಲಿ ನಾವು 1,00,000. ಆದ್ದರಿಂದ ಮೊದಲ ಮೂರು ತರಗತಿಗೆ ಚಿಂತೆಯಿಲ್ಲ, ದೊಡ್ಡ ಸಂಖ್ಯೆ ಬರುವ ಪಾಠಕ್ಕೆ ನಮ್ಮ ಪಠ್ಯಪುಸ್ತಕ ಹಿಡಿಯಿರಿ. ಸೆಂಟು, ಡಾಲರಿನ ಪುಟಗಳನ್ನು ಹಾರಿಸಿ ಮನೆಯ ನಾಣ್ಯ, ನೋಟುಗಳಲ್ಲೇ ಮಾಡಿಸಿ. ಇಂಚಿನ ಪಾಠ ಮಾತ್ರ ಬಿಡಬೇಡಿ, ಅರ್ಧ, ಕಾಲು, ಅರೆಕಾಲು ಕಲಿಸಲು ದರ್ಜಿಯ ಟೇಪಿಗಿಂತ ಒಳ್ಳೆಯದಿಲ್ಲ.

ವಿಜ್ಞಾನದ ಕಿಟ್ ಪೂರಾ ದಂಡ. ಆಮ್ಲ-ಪ್ರತ್ಯಾಮ್ಲ ಪರೀಕ್ಷೆಗೆ ಕೆಂಪು ಕೋಸು ಬೇಕೆನ್ನುತ್ತದೆ. ಅಂಗಳದ ಕೆಂಪು ದಾಸವಾಳವನ್ನು ಬಿಸಿನೀರಲ್ಲಿ ನೆನೆಸಿದರೆ ಅದೇ ಕೆಲಸ: ನಿಂಬೆರಸಕ್ಕೆ ಗಾಢ ಗುಲಾಬಿ, ಸೋಡಾಪುಡಿ ನೀರಿಗೆ ಹಸಿರು. ಅಕ್ಟೋಬರಿನಲ್ಲಿ ಉದುರಿದ ಎಲೆ ಆರಿಸಲು ಹೇಳುತ್ತದೆ, ಆಗ ನಮ್ಮಲ್ಲಿ ಎಲ್ಲ ಹಸಿರೋ ಹಸಿರು; ಅದನ್ನು ಶಿಶಿರಕ್ಕೆ ತಳ್ಳಿ. ನಕ್ಷತ್ರಪಟ 40 ಡಿಗ್ರಿ ಅಕ್ಷಾಂಶದ್ದು. ಬೆಂಗಳೂರು 13ರಲ್ಲಿದೆ, ಧ್ರುವ ನಕ್ಷತ್ರ ದಿಗಂತದಿಂದ 13 ಡಿಗ್ರಿಯಷ್ಟೇ ಮೇಲೆ, ಅಂದರೆ ಎದುರುಮನೆಯ ನೀರಿನ ಟ್ಯಾಂಕಿನ ಹಿಂದೆ.

ಎಣಿಸುವ ಪ್ಲಾಸ್ಟಿಕ್ ಬ್ಲಾಕುಗಳಿಗೂ ದುಡ್ಡು ಹಾಕಬೇಡಿ. 100 ಐಸ್‌ಕ್ರೀಮ್ ಕಡ್ಡಿ, 10 ರಬ್ಬರ್ ಬ್ಯಾಂಡ್ ಸಾಕು. 52ರಲ್ಲಿ 27 ಕಳೆಯುವಾಗ ಮಗು ಒಂದು ಕಟ್ಟು ಬಿಚ್ಚಿದರೆ 'ದಶಕ' ಹತ್ತು ಬಿಡಿಯಾಗಿ ಕೈಗೆ ಬರುತ್ತದೆ; ಪ್ಲಾಸ್ಟಿಕ್ಕಿನ ಹತ್ತರ ಕೋಲನ್ನು ಮುರಿಯಲಾಗದು, ಬದಲಾಯಿಸಿಕೊಳ್ಳಬೇಕು, ಆ ಬದಲಾವಣೆಯಲ್ಲೇ ಅರ್ಥ ಜಾರುತ್ತದೆ. ಆಮದಿನ ಲೆಕ್ಕವನ್ನೂ ನೋಡಿ: ಮುದ್ರಿತ ಪುಸ್ತಕಕ್ಕೆ 2019ರ ಬಜೆಟ್‌ನಲ್ಲಿ ಬಂದ ಸುಂಕ ಶೇ 5, ಆಟಿಕೆಗಳ ಸುಂಕ ಅದರ ಹಲವು ಪಟ್ಟು. ಪುಸ್ತಕ ಮಾತ್ರ ತರಿಸುವುದು ಕ್ಷೇಮ.

ಕೊಳ್ಳುವ ಮುನ್ನ ಎರಡು ಕೆಲಸ. ಹೆಚ್ಚಿನ ಗಣಿತ ಪ್ರಕಾಶಕರ ಜಾಲತಾಣದಲ್ಲಿ ಮಟ್ಟ ಅಳೆಯುವ ಪ್ರಶ್ನೆಪತ್ರಿಕೆ ಪುಕ್ಕಟೆ ಇರುತ್ತದೆ. ಅದನ್ನು ಮಾಡಿಸಿ, ನಾಲ್ಕನೆಯ ತರಗತಿಯ ಮಗುವಿಗೆ ಮೂರರ ಪುಸ್ತಕ ಹೊಂದಿದರೆ ಮುಜುಗರವಿಲ್ಲದೆ ಮೂರನ್ನೇ ಕೊಳ್ಳಿ. ಎರಡನೆಯದು, ಯಾವುದು ಒಮ್ಮೆ ಬರೆದರೆ ಮುಗಿಯುವ ಪುಸ್ತಕ, ಯಾವುದು ತಮ್ಮನಿಗೂ ಬರುತ್ತದೆ ಎಂದು ಪಟ್ಟಿ ಮಾಡಿ. ಗೈಡ್ ವರ್ಷಗಟ್ಟಲೆ ಬರುತ್ತದೆ, ಮಾರಿದರೂ ಅರ್ಧ ಬೆಲೆ ಹುಟ್ಟುತ್ತದೆ. ವಿಡಿಯೊ ಚಂದಾ ಅವಧಿ ಮುಗಿದರೆ ಏನೂ ಉಳಿಯುವುದಿಲ್ಲ.

ಮಗುವಿಗೆ ಹನ್ನೆರಡು ದಾಟಿದರೆ ಬಾಕ್ಸ್ ಸೆಟ್ಟಿನ ಯೋಚನೆ ಬಿಟ್ಟು ಎನ್‌ಐಒಎಸ್ (ಕೇಂದ್ರದ ಮುಕ್ತ ಶಾಲಾ ಸಂಸ್ಥೆ) ಪಠ್ಯವನ್ನೇ ಹಿಡಿಯಿರಿ, ಪಿಡಿಎಫ್ ಉಚಿತ. ಅಲ್ಲಿ ಸೆಕೆಂಡರಿಗೆ, ಅಂದರೆ ಹತ್ತನೇ ತರಗತಿಯ ಮಟ್ಟಕ್ಕೆ, ಕನಿಷ್ಠ ವಯಸ್ಸು 14, ಕನಿಷ್ಠ ಐದು ವಿಷಯ, ಭಾಷೆಗಳಲ್ಲಿ ಕನ್ನಡವೂ ಇದೆ. ಮನೆಯಿಂದ ಬರೆದು ಸಲ್ಲಿಸುವ ಟಿಎಂಎಗೆ ಶೇ 20 ಅಂಕ. ಪಬ್ಲಿಕ್ ಪರೀಕ್ಷೆ ವರ್ಷಕ್ಕೆ ಎರಡು ಸಲ ನಡೆಯುವುದರಿಂದ ಗಣಿತವೊಂದನ್ನು ಮುಂದಿನ ಸರದಿಗೆ ಇಟ್ಟುಕೊಳ್ಳಲೂ ಆಗುತ್ತದೆ.